ಸಿಗ್ನಲ್ ಫುಲ್, ಆದರೂ ವೈ-ಫೈ ತೆವಳುವುದೇಕೆ?

ಮೀಟಿಂಗ್ ನಡುವೆ ಲ್ಯಾಪ್‌ಟಾಪ್ ಪರದೆಯ ಚಿತ್ರ ನಿಂತುಹೋದರೆ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡುವ ಮುನ್ನ ಒಂದು ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನಿಮ್ಮ ರೂಟರ್ ವಿಳಾಸಕ್ಕೆ (ಬಹುತೇಕ 192.168.1.1 ಅಥವಾ 192.168.0.1) ಪಿಂಗ್ ಕೊಡಿ, ಅಂದರೆ ping -t ಎಂದು ಬರೆದು ಮುಂದೆ ಆ ವಿಳಾಸ ಹಾಕಿ; ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅದು ತೋರಿಸುತ್ತಾ ಹೋಗುತ್ತದೆ. ಇನ್ನೊಂದು ವಿಂಡೋದಲ್ಲಿ 8.8.8.8ಕ್ಕೆ (ಇಂಟರ್‌ನೆಟ್‌ನಲ್ಲಿರುವ ಗೂಗಲ್ ಸರ್ವರ್) ಕೊಡಿ. ಎರಡೂ ಐದು ನಿಮಿಷ ಓಡಲಿ. ರೂಟರ್‌ನ ಉತ್ತರ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ಅದೇ 200, 300 ಎಂದು ಜಿಗಿಯುತ್ತಿದ್ದರೆ ದೋಷ ಮನೆಯೊಳಗೇ ಇದೆ. ರೂಟರ್ ಸರಿಯಾಗಿ ಉತ್ತರಿಸುತ್ತಾ 8.8.8.8 ಮಾತ್ರ ತಪ್ಪುತ್ತಿದ್ದರೆ ಆಗ ಧಾರಾಳವಾಗಿ ದೂರು ಕೊಡಿ.

ಬೆಂಗಳೂರಿನಲ್ಲಿ ಮನೆಯೊಳಗಿನ ದೋಷಕ್ಕೆ ದೊಡ್ಡ ಕಾರಣ ಅಕ್ಕಪಕ್ಕದ ಮನೆಗಳ ರೂಟರ್‌ಗಳು. 30x40 ಸೈಟಿನಲ್ಲಿ ಮೂರು ಅಂತಸ್ತು, ಗೋಡೆಗೆ ಗೋಡೆ ತಾಗಿದಂತೆ ಪಕ್ಕದ ಕಟ್ಟಡ; ಪ್ರತಿ ಮನೆಗೂ ಒಂದೊಂದು ರೂಟರ್. ಒಂದೇ ಚಾನೆಲ್‌ನಲ್ಲಿರುವ (ವೈ-ಫೈ ತರಂಗಪಟ್ಟಿಯ ಒಂದೇ ಪಾಲು ಬಳಸುವ) ಉಪಕರಣಗಳು ಏಕಕಾಲಕ್ಕೆ ಮಾತಾಡುವಂತಿಲ್ಲ. ಗಾಳಿಯಲ್ಲಿ ಬೇರೆಯವರ ಸದ್ದಿದ್ದರೆ ನಿಮ್ಮ ಲ್ಯಾಪ್‌ಟಾಪ್ ಕಾಯುತ್ತದೆ. ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದರೂ ವೇಗ ಬಾರದಿರುವುದು ಇದಕ್ಕೇ. ವೈ-ಫೈ ಬಳಸುವ ತರಂಗಪಟ್ಟಿಗಳಲ್ಲಿ (ಬ್ಯಾಂಡ್) ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ನಡುವೆ ಜಾಗ ಖಾಲಿ ಇದೆಯೆಂದು 3 ಅಥವಾ 4 ಆರಿಸಿದರೆ ಎರಡೂ ಕಡೆಯವರ ಗದ್ದಲ ನಿಮ್ಮ ಪಾಲಿಗೆ ಬರುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ಈ ಮೂರರಲ್ಲೊಂದನ್ನು ಆರಿಸಿ, ಚಾನೆಲ್ ಅಗಲವನ್ನೂ 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿ.

ಇದಕ್ಕಿಂತ ಒಳ್ಳೆಯ ದಾರಿ 5 ಗಿಗಾಹರ್ಟ್ಸ್. ಅದು ಗೋಡೆ ದಾಟಲು ಸೋಲುತ್ತದೆ ನಿಜ, ಆದರೆ ಪಕ್ಕದ ಮನೆಯದೂ ಹಾಗೇ ಸೋಲುವುದರಿಂದ ನಮಗೆ ಲಾಭ. ಎರಡು ಬ್ಯಾಂಡ್‌ಗೂ ಬೇರೆ ಬೇರೆ ಹೆಸರಿಟ್ಟು 5ಕ್ಕೆ ಮಾತ್ರ ಜೋಡಿಸಿದರೆ ಲ್ಯಾಪ್‌ಟಾಪ್ ತಾನಾಗಿ 2.4ಕ್ಕೆ ಜಾರುವುದಿಲ್ಲ. ಚಾನೆಲ್ 36ರಿಂದ 48ರೊಳಗೆ ಇರಲಿ. 52ರಿಂದ 144ರವರೆಗಿನವನ್ನು ರಾಡಾರ್ ಜೊತೆ ಹಂಚಿಕೊಳ್ಳಬೇಕು. ರಾಡಾರ್ ಸುಳಿವು ಸಿಕ್ಕಿತೆಂದರೆ ರೂಟರ್ ಆ ಚಾನೆಲ್ ಬಿಟ್ಟು ಹೊರಡಲೇಬೇಕು, ಅಷ್ಟರಲ್ಲಿ ನಿಮ್ಮ ಕರೆ ಕಟ್.

ಸಿಗ್ನಲ್ ಬಲವನ್ನು ಕಡ್ಡಿ ಎಣಿಸಿ ಅಳೆಯಬೇಡಿ. ಮ್ಯಾಕ್‌ಬುಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ವೈ-ಫೈ ಚಿಹ್ನೆ ಕ್ಲಿಕ್ಕಿಸಿದರೆ ಅಂಕಿಯೇ ಕಾಣುತ್ತದೆ. ವಿಡಿಯೊ ಕರೆಗೆ -67 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇದ್ದರೆ ಸಾಕು. -77 ಎಂದರೆ ಅದರ ಹತ್ತನೇ ಒಂದು ಪಾಲು ಶಕ್ತಿ. ರೂಟರನ್ನು ಟಿವಿ ಹಿಂದಿನಿಂದ, ಕಬ್ಬಿಣದ ಬೀರು ಪಕ್ಕದಿಂದ ಎತ್ತಿ ಎತ್ತರದಲ್ಲಿಡಿ.

ಚಾರ್ಜರ್ ತೆಗೆದಾಗಷ್ಟೇ ಕೈಕೊಡುತ್ತಿದೆಯೇ? ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ವೈ-ಫೈ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಉಪಕರಣ ಆಫ್ ಮಾಡುವ ಟಿಕ್ ತೆಗೆಯಿರಿ.

ಹಾರ್ಡ್‌ಡಿಸ್ಕ್ ಸಿಕ್ಕಿಸಿದ ಕೂಡಲೇ ವೈ-ಫೈ ಜೊತೆಗೆ ವೈರ್‌ಲೆಸ್ ಮೌಸ್ ಕೂಡ ತಡವರಿಸಿದರೆ ಅನುಮಾನ ಯುಎಸ್‌ಬಿ 3ರ ಮೇಲಿರಲಿ. ಅದರ ಕೇಬಲ್, ಕನೆಕ್ಟರ್‌ಗಳು 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಸೂಸುತ್ತವೆ ಎಂದು ಇಂಟೆಲ್ 2012ರಲ್ಲೇ ವಿವರಿಸಿತ್ತು. ಡಿಸ್ಕನ್ನು ಒಂದು ಮಾರು ದೂರ ಸರಿಸಿ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಅದೇ ಜಾಗದಲ್ಲಿ ಫೋನ್ ಚೆನ್ನಾಗಿ ಓಡಿ ಲ್ಯಾಪ್‌ಟಾಪ್ ಮಾತ್ರ ಸೋತರೆ ಡ್ರೈವರ್ (ವೈ-ಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಹೊಸದು ಹಾಕಿ ನೋಡಿ. ರಿಪೇರಿಗೆ ಕೊಟ್ಟು ತಂದ ಮೇಲೆ ಶುರುವಾದ ತೊಂದರೆಯಾದರೆ, ವೈ-ಫೈ ಕಾರ್ಡಿಗೆ ಬರುವ ಎರಡು ತೆಳು ಆಂಟೆನಾ ತಂತಿಗಳನ್ನು ನೋಡಲು ರಿಪೇರಿಯವರಿಗೇ ಹೇಳಿ. ಅವುಗಳ ತುದಿಯ ಪುಟಾಣಿ ಗುಂಡಿ ಕಾರ್ಡಿನ ಮೇಲೆ ಟಕ್ಕೆಂದು ಕೂತಿರಬೇಕು.