66 ಪುಸ್ತಕಗಳೋ, 73 ಪುಸ್ತಕಗಳೋ? ಬೈಬಲ್ ವಿವಾದದ ಹಿನ್ನೆಲೆ

ಪ್ರೊಟೆಸ್ಟೆಂಟರು ಓದುವ ಕನ್ನಡ ಸತ್ಯವೇದದಲ್ಲಿ 66 ಪುಸ್ತಕಗಳಿವೆ. ಕ್ಯಾಥೊಲಿಕರ ಬೈಬಲ್ಲಿನಲ್ಲಿ 73. ಹೆಚ್ಚಿಗೆ ಇರುವ ಏಳೂ ಹಳೆಯ ಒಡಂಬಡಿಕೆಯವು: ತೊಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಪುಸ್ತಕಗಳು. ‘ತೆಗೆದುಹಾಕಿದವರು ನೀವು’ ಎಂದು ಒಂದು ಕಡೆಯವರು, ‘ಸೇರಿಸಿದವರು ನೀವು’ ಎಂದು ಇನ್ನೊಂದು ಕಡೆಯವರು ಇಂದಿಗೂ ದೂರುತ್ತಾರೆ. ಇತಿಹಾಸವನ್ನು ನೋಡಿದರೆ ಎರಡು ದೂರುಗಳಿಗೂ ಪೂರ್ತಿ ಆಧಾರವಿಲ್ಲ.

ಹೀಬ್ರೂ ಮೂಲದಲ್ಲಿ ಇಲ್ಲದ ಪುಸ್ತಕಗಳನ್ನು ಬೇರೆಯಾಗಿಯೇ ಇಡಬೇಕು ಎಂದು ಲ್ಯಾಟಿನ್ ಅನುವಾದಕ ಜೆರೋಮ್ ಹೇಳಿದ್ದ. ಉತ್ತರ ಆಫ್ರಿಕಾದ ಬಿಷಪ್ ಆಗಸ್ಟೀನ್ ಅದನ್ನು ಒಪ್ಪಲಿಲ್ಲ. 397ರಲ್ಲಿ ಅಲ್ಲಿನ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಅವುಗಳನ್ನು ಪಟ್ಟಿಗೆ ಸೇರಿಸಿತು. ಮುಂದಿನ ಸಾವಿರ ವರ್ಷ ಈ ಎರಡೂ ಅಭಿಪ್ರಾಯಗಳು ಒಂದೇ ಧರ್ಮಸಭೆಯೊಳಗೆ (ಚರ್ಚಿನೊಳಗೆ) ಉಳಿದುಬಂದವು.

ಗಂಟು ಬಿಗಿದದ್ದು 1519ರ ಬೇಸಿಗೆಯಲ್ಲಿ, ಜರ್ಮನಿಯ ಲೈಪ್‌ಜಿಗ್ ನಗರದ ಕೋಟೆಯಲ್ಲಿ. ಪ್ರೊಟೆಸ್ಟೆಂಟ್ ಸುಧಾರಣೆಯ ನಾಯಕ ಮಾರ್ಟಿನ್ ಲೂಥರ್ ಮತ್ತು ಕ್ಯಾಥೊಲಿಕ್ ಪಂಡಿತ ಯೊಹಾನ್ ಎಕ್ ಎದುರುಬದುರು ನಿಂತು ವಾದಿಸುತ್ತಿದ್ದರು. ಸತ್ತವರು ಪಾಪ ತೊಳೆದುಕೊಳ್ಳುವ ಶುದ್ಧೀಕರಣ ಸ್ಥಳದ ವಿಷಯ ಬಂದಾಗ, ಎಕ್ ಮಕ್ಕಬಿಯರ ಎರಡನೆಯ ಪುಸ್ತಕದ 12ನೇ ಅಧ್ಯಾಯವನ್ನು ಮುಂದಿಟ್ಟ. ಯುದ್ಧದಲ್ಲಿ ಮಡಿದವರ ಪಾಪಪರಿಹಾರಕ್ಕೆಂದು ಯೂದ ಮಕ್ಕಬಿಯ ಹಣ ಕೂಡಿಸಿ ಜೆರುಸಲೇಮಿಗೆ ಕಳುಹಿಸಿದ ಪ್ರಸಂಗ ಅಲ್ಲಿದೆ. ಆ ಪುಸ್ತಕ ಅಧಿಕೃತ ಪಟ್ಟಿಯಲ್ಲಿಲ್ಲ, ಆದ್ದರಿಂದ ಎದುರಾಳಿಯನ್ನು ಕಟ್ಟಿಹಾಕುವ ಬಲ ಅದಕ್ಕಿಲ್ಲ ಎಂದ ಲೂಥರ್. ಧರ್ಮಸಭೆ ಸ್ವೀಕರಿಸಿದೆಯಲ್ಲ ಎಂದ ಎಕ್. ಪುಸ್ತಕಕ್ಕೆ ತನ್ನಲ್ಲೇ ಇಲ್ಲದ ಅಧಿಕಾರವನ್ನು ಧರ್ಮಸಭೆ ಕೊಡಲಾರದು ಎಂಬುದು ಲೂಥರನ ಉತ್ತರ.

ಒಂದು ಅಧ್ಯಾಯದ ಚರ್ಚೆ ಅಲ್ಲಿಂದ ಅಧಿಕಾರದ ಚರ್ಚೆಯಾಯಿತು. ಧರ್ಮಗ್ರಂಥವೇ ಅಂತಿಮ ಎನ್ನುವವರಿಗೆ ಆ ಗ್ರಂಥದ ಪರಿವಿಡಿ ಎಲ್ಲಿಂದ ಬಂತು? ಧರ್ಮಸಭೆಯೇ ಅಂತಿಮ ಎನ್ನುವುದಾದರೆ, ಅದು ತಪ್ಪಿದಾಗ ತಿದ್ದುವವರು ಯಾರು? ಎರಡೂ ನ್ಯಾಯವಾದ ಪ್ರಶ್ನೆಗಳು. ಆದರೆ ಎರಡನ್ನೂ ಒಟ್ಟಿಗೆ ಕೇಳುವ ತಾಳ್ಮೆ ಆ ಕಾಲಕ್ಕೆ ಇರಲಿಲ್ಲ.

ಲೂಥರ್ ಈ ಪುಸ್ತಕಗಳನ್ನು ಎಸೆದುಬಿಡಲಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. 1534ರ ಅವನ ಜರ್ಮನ್ ಬೈಬಲ್ಲಿನಲ್ಲಿ ಅವು ಎರಡು ಒಡಂಬಡಿಕೆಗಳ ನಡುವೆ ಇವೆ. ಧರ್ಮಗ್ರಂಥಕ್ಕೆ ಸಮವಲ್ಲ, ಆದರೂ ಓದಲು ಉಪಯುಕ್ತ ಎಂಬ ಸೂಚನೆಯೂ ಜೊತೆಗಿದೆ.

ಈ ಪ್ರಶ್ನೆಗಳನ್ನು ಚರ್ಚಿಸಿದ ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆಯೂ ಒಂದೇ ದನಿಯಲ್ಲಿ ಮಾತನಾಡಲಿಲ್ಲ. ಜೆರೋಮ್ ಮಾಡಿದ್ದ ಭೇದವನ್ನು ಉಳಿಸಿಕೊಳ್ಳಬೇಕೆಂದು ಅಗಸ್ಟೀನಿಯನ್ ಸಂಘದ ಮುಖ್ಯಸ್ಥ ಸೆರಿಪಾಂಡೊ ಬಯಸಿದ್ದ. ಸಂಪ್ರದಾಯಕ್ಕೂ (ಬರೆಯದೆ ಪರಂಪರೆಯಿಂದ ಬಂದ ಬೋಧನೆಗೂ) ಗ್ರಂಥಕ್ಕೂ ಸಮಾನ ಗೌರವ ಎಂಬ ಮಾತನ್ನು ಕಿಯೊಜ್ಜಿಯಾದ ಬಿಷಪ್ ನಾಕ್ಕಿಯಾಂತಿ ಸಭೆಯಲ್ಲೇ ಕಟುವಾಗಿ ವಿರೋಧಿಸಿದ. ಸತ್ಯದ ಒಂದು ಭಾಗ ಗ್ರಂಥದಲ್ಲಿ, ಇನ್ನೊಂದು ಭಾಗ ಸಂಪ್ರದಾಯದಲ್ಲಿ ಎಂಬ, ನಿರ್ಣಯದ ಕರಡಿನಲ್ಲಿದ್ದ ಹಂಚಿಕೆಯನ್ನೂ ಕೈಬಿಡಲಾಯಿತು. 1546ರ ಏಪ್ರಿಲ್ 8ರ ನಿರ್ಣಯ ‘ಗ್ರಂಥಗಳಲ್ಲಿ ಮತ್ತು ಅಲಿಖಿತ ಸಂಪ್ರದಾಯಗಳಲ್ಲಿ’ ಎಂದಷ್ಟೇ ಹೇಳಿತು. ಸಮಾನ ಗೌರವದ ಮಾತು ಮಾತ್ರ ಉಳಿಯಿತು. ಆದರೂ ಮುಂದಿನ ಶತಮಾನಗಳ ಧರ್ಮಬೋಧೆ ಕೈಬಿಟ್ಟ ಹಂಚಿಕೆಯನ್ನೇ ಮತ್ತೆ ಕಲಿಸಿತು. ಪ್ರೊಟೆಸ್ಟೆಂಟರು ಖಂಡಿಸಿದ್ದೂ ಬಹುಮಟ್ಟಿಗೆ ಅದನ್ನೇ.

ಆಮೇಲಿನದು ಎರಡು ಕಡೆಯವರ ನಡುವೆ ದೂರ ಬೆಳೆದ ಕಥೆ. 1820ರ ದಶಕದಲ್ಲಿ ಬ್ರಿಟನ್ನಿನ ಬೈಬಲ್ ಸೊಸೈಟಿ ಆ ಪುಸ್ತಕಗಳ ಪ್ರಸಾರ ನಿಲ್ಲಿಸಿತು. ಕ್ಯಾಥೊಲಿಕ್ ಕಡೆಯಿಂದ 1870ರಲ್ಲಿ ಪೋಪರ ಪ್ರಮಾದರಹಿತತೆಯ (ಅವರ ವಿಧ್ಯುಕ್ತ ಬೋಧನೆ ತಪ್ಪಲಾರದು ಎಂಬ) ಘೋಷಣೆ, 1950ರಲ್ಲಿ ಮರಿಯಮ್ಮನವರ ಸ್ವರ್ಗಾರೋಹಣದ ಘೋಷಣೆ.

ಗ್ರಂಥ ಮತ್ತು ಸಂಪ್ರದಾಯ ಎರಡು ಪ್ರತ್ಯೇಕ ಮೂಲಗಳು ಎನ್ನುವ ಕರಡು 1962ರ ನವೆಂಬರಿನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆಯ ಮುಂದೆ ಬಂತು. 1,368 ಮಂದಿ ಅದರ ಚರ್ಚೆ ನಿಲ್ಲಿಸಲು ಮತ ಹಾಕಿದರು. ಮೂರನೇ ಎರಡರಷ್ಟು ಬಹುಮತಕ್ಕೆ ಅದು ಸಾಲದಿದ್ದರೂ ಪೋಪ್ 23ನೇ ಜಾನ್ ಕರಡನ್ನು ಹಿಂದಕ್ಕೆ ಪಡೆದು ಹೊಸ ಸಮಿತಿ ರಚಿಸಿದರು. 1965ರ ಅಂತಿಮ ದಾಖಲೆ, ಎರಡೂ ಒಂದೇ ದೈವಿಕ ಚಿಲುಮೆಯಿಂದ ಹರಿಯುತ್ತವೆ ಎಂದಿತು. ಅತ್ತ 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ್ದ ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಪ್ರತಿನಿಧಿಗಳೂ ಸುವಾರ್ತೆ ಪರಂಪರೆಯ ಮೂಲಕವೇ ನಮ್ಮನ್ನು ತಲುಪಿದೆ ಎಂದು ಒಪ್ಪಿಕೊಂಡಿದ್ದರು. ಆದರೆ ದೇವರ ವಾಕ್ಯವನ್ನು ಅಧಿಕೃತವಾಗಿ ಅರ್ಥೈಸುವ ಹೊಣೆ ಧರ್ಮಸಭೆಯ ಬೋಧನಾಧಿಕಾರಕ್ಕೆ (ಪೋಪ್ ಮತ್ತು ಬಿಷಪ್ಪರಿಗೆ) ಮಾತ್ರ ಸೇರಿದ್ದು ಎಂದೂ ಅದೇ 1965ರ ದಾಖಲೆ ಹೇಳುತ್ತದೆ. ಪ್ರೊಟೆಸ್ಟೆಂಟರು ಇಂದಿಗೂ ಒಪ್ಪದಿರುವುದು ಆ ಮಾತನ್ನೇ.