ಶರಣಾದ ಮೇಲೆ ಉಳಿಯುವ ಕೆಲಸ: ಮೇಲುಕೋಟೆಯ ಕೈಂಕರ್ಯದ ಹಿನ್ನೆಲೆ

ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆ ಎಂದು ಎರಡು ಪಂಗಡ. ವಡಗಲೆಯವರಾದ ಮೈಸೂರಿನ ಪರಕಾಲ ಮಠದ ಶಿಷ್ಯರು ಮತ್ತು ಮೇಲುಕೋಟೆಯ ತೆಂಗಲೆಯವರು ಬೆಳಗಿನ ಸಂಧ್ಯಾವಂದನೆಗೆ ಕುಳಿತಾಗ, ಸಂಕಲ್ಪದ ಒಂದು ಮಾತು ಇಬ್ಬರಿಗೂ ಸಮಾನ: ‘ಶ್ರೀಭಗವದಾಜ್ಞಯಾ’, ಭಗವಂತನ ಆಜ್ಞೆಯಂತೆ. ಅಲ್ಲಿಂದ ಮುಂದೆ ಪಾಠ ಕವಲೊಡೆಯುತ್ತದೆ. ವಡಗಲೆಯವರು ‘ಶ್ರೀಮನ್ನಾರಾಯಣಪ್ರೀತ್ಯರ್ಥಂ’ (ನಾರಾಯಣನ ಪ್ರೀತಿಗಾಗಿ) ಎನ್ನುತ್ತಾರೆ, ತೆಂಗಲೆಯವರು ‘ಭಗವತ್ಕೈಂಕರ್ಯರೂಪಂ’ (ಭಗವಂತನ ಸೇವೆಯ ರೂಪವಾಗಿ) ಎನ್ನುತ್ತಾರೆ. ಇಬ್ಬರ ನಡುವಿನ ಭೇದದ ಬಗ್ಗೆ ಬಂದಿರುವ ಬರವಣಿಗೆಗೆ ಲೆಕ್ಕವಿಲ್ಲ. ಆದರೆ ದೇವರನ್ನು ನಂಬಿದರಷ್ಟೇ ಸಾಲದು, ಆತನ ಆಜ್ಞೆಯೆಂದು ಕೆಲಸವನ್ನೂ ಮಾಡಬೇಕು ಎಂಬ ಆ ಸಮಾನ ಮಾತಿನ ಕಡೆಗೆ ಗಮನ ಹೋದದ್ದು ಕಡಿಮೆ. ಕೈಂಕರ್ಯದ, ಅಂದರೆ ದೇವರ ಸೇವೆಯ, ಹಕ್ಕು, ಸಂಭಾವನೆ, ನೇಮಕಾತಿಗಳ ಕುರಿತು ಇಂದು ಕೇಳಿಬರುವ ವಾದಗಳಿಗೆಲ್ಲ ಮೂಲ ಅಲ್ಲಿಯೇ ಇದೆ.

ಹನ್ನೆರಡನೆಯ ಶತಮಾನದ ಆರಂಭದ ಸುಮಾರಿಗೆ ರಾಮಾನುಜಾಚಾರ್ಯರು ಹೊಯ್ಸಳ ನಾಡಿಗೆ ಬಂದು, ತೊಂಡನೂರಿನ ಮೂಲಕ ಯದುಗಿರಿಗೆ, ಅಂದರೆ ಮೇಲುಕೋಟೆಗೆ, ತಲುಪಿ, ಚೆಲುವನಾರಾಯಣನ ಆರಾಧನೆಗೆ ವ್ಯವಸ್ಥೆ ಮಾಡಿದರು. ಅದನ್ನು ನಡೆಸಲು ಐವತ್ತೆರಡು ಮಂದಿಯನ್ನು ನೇಮಿಸಿದರೆಂದು ಸಂಪ್ರದಾಯ ಹೇಳುತ್ತದೆ. ಅಂತ್ಯಕಾಲದಲ್ಲಿ ಶಿಷ್ಯರಿಗೆ ಅವರು ಕೊಟ್ಟ ಆದೇಶಗಳೆಂದು ಪರಂಪರೆ ಎಣಿಸುವ ಮಾತುಗಳಲ್ಲಿ ಅವರದೇ ಬ್ರಹ್ಮಸೂತ್ರವ್ಯಾಖ್ಯಾನವಾದ ಶ್ರೀಭಾಷ್ಯದ ಪಾಠವಿದೆ, ಆಳ್ವಾರರ ತಮಿಳು ಪದ್ಯಗಳಾದ ದಿವ್ಯಪ್ರಬಂಧದ ಅಧ್ಯಯನವಿದೆ, ದಿವ್ಯದೇಶಗಳೆಂಬ ವಿಷ್ಣುಕ್ಷೇತ್ರಗಳಲ್ಲಿ ನೈವೇದ್ಯ, ದೀಪ, ಹೂಮಾಲೆಗಳ ಸೇವೆಯಿದೆ. ಇವುಗಳ ಜೊತೆಗೇ, ತಿರುನಾರಾಯಣಪುರದಲ್ಲಿ, ಅಂದರೆ ಇದೇ ಮೇಲುಕೋಟೆಯಲ್ಲಿ, ಒಂದು ಗುಡಿಸಲು ಕಟ್ಟಿಕೊಂಡು ಇದ್ದುಬಿಡಿ ಎಂಬುದೂ ಇದೆ. ಊರಿನಲ್ಲಿ ಇರುವುದನ್ನೂ ಕರ್ತವ್ಯವೆಂದು ಎಣಿಸಿದ ಈ ಮಾತು ನನಗೆ ಉಳಿದೆಲ್ಲಕ್ಕಿಂತ ಆಳವಾದದ್ದಾಗಿ ಕಾಣುತ್ತದೆ.

ಮುಂದಿನ ಎರಡು ಶತಮಾನಗಳಲ್ಲಿ ಪ್ರಶ್ನೆ ಸೂಕ್ಷ್ಮವಾಯಿತು. ಎಲ್ಲ ಧರ್ಮಗಳನ್ನೂ ಬಿಟ್ಟು ನನ್ನೊಬ್ಬನನ್ನೇ ಶರಣುಹೊಗು ಎಂದು ಗೀತೆಯ ಚರಮಶ್ಲೋಕ ಹೇಳುವಾಗ, ಶರಣಾದವನು ನಿತ್ಯಕರ್ಮವನ್ನು ಮಾಡುವುದೇಕೆ? ಶ್ರೀರಂಗದ ಮೇಲೆ ದಾಳಿ ನಡೆದ ಕಾಲದಲ್ಲಿ ಕೊಳ್ಳೇಗಾಲದ ಬಳಿಯ ಸತ್ಯಾಗಾಲದಲ್ಲಿ ನೆಲೆಸಿದ್ದರೆಂದು ಹೇಳಲಾಗುವ, ವಡಗಲೆಯವರ ಆಚಾರ್ಯರಾದ ವೇದಾಂತದೇಶಿಕರು ಇದಕ್ಕೆ ಉತ್ತರವಾಗಿ ಕೈಂಕರ್ಯವನ್ನೇ ಎರಡಾಗಿ ವಿಂಗಡಿಸಿದರು. ಸಂಧ್ಯಾವಂದನೆಯಂಥದ್ದು ಆಜ್ಞಾಕೈಂಕರ್ಯ, ಬಿಟ್ಟರೆ ಅಪರಾಧ. ಹೂಮಾಲೆ ಕಟ್ಟುವುದು, ದೀಪ ಹಚ್ಚುವುದು ಅನುಜ್ಞಾಕೈಂಕರ್ಯ, ಪ್ರೀತಿಯಿಂದ ತಾನಾಗಿ ಕೈಗೊಳ್ಳುವಂಥದ್ದು. ಪಿಳ್ಳೈ ಲೋಕಾಚಾರ್ಯರ ಪರಂಪರೆಯವರು, ಅಂದರೆ ತೆಂಗಲೆಯವರು, ಭಗವಂತನ ಕೃಪೆಗೆ ಕರ್ಮವನ್ನು ಉಪಾಯವೆಂದು ಒಪ್ಪಲಿಲ್ಲವಾದರೂ, ಸೇವೆಯು ಜೀವಾತ್ಮನ ಸ್ವರೂಪವೇ ಆಗಿರುವುದರಿಂದ ಅದನ್ನು ಬಿಡುವ ಮಾತೇ ಇಲ್ಲವೆಂದರು. ಮರಿಕೋತಿ ತಾಯಿಯನ್ನು ಅಪ್ಪಿಕೊಳ್ಳಬೇಕೋ, ಬೆಕ್ಕು ತಾನೇ ಮರಿಯನ್ನು ಕಚ್ಚಿಕೊಂಡು ಒಯ್ಯುತ್ತದೋ ಎಂಬ ಪ್ರಸಿದ್ಧ ಹೋಲಿಕೆ ಮೋಕ್ಷದ ಬಗೆಗಿನದು. ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸದ ಬಗ್ಗೆ ಎರಡೂ ಕಡೆಯವರಿಗೆ ಸಂಶಯವಿರಲಿಲ್ಲ.

ವಿಜಯನಗರ, ಒಡೆಯರು, ಹೈದರ್ ಮತ್ತು ಟಿಪ್ಪು, ಬ್ರಿಟಿಷ್ ಕಮಿಷನರುಗಳು ಹೀಗೆ ಆಳುವವರು ಬದಲಾದರು. ರಾಜ ಒಡೆಯರ ಕಾಲದ ರಾಜಮುಡಿ ಮತ್ತು ಮುಮ್ಮಡಿ ಕೃಷ್ಣರಾಜರ ಕೃಷ್ಣರಾಜಮುಡಿ ಎಂಬ ದೇವರ ಕಿರೀಟಗಳು ಅರಮನೆಯೂ ಈ ಸೇವೆಯಲ್ಲಿ ಪಾಲುಗೊಂಡದ್ದರ ಗುರುತಾಗಿ ಉಳಿದಿವೆ.

ನಿಜವಾದ ತಿರುವು ಬಂದದ್ದು ಭೂಮಿಯ ವಿಷಯದಲ್ಲಿ. ದೇವರಿಗೆ ಬಿಟ್ಟ ಇನಾಮು ಜಮೀನಿನ ಹುಟ್ಟುವಳಿಯೇ ನೈವೇದ್ಯದ ಅಕ್ಕಿಗೂ ದೀಪದ ಎಣ್ಣೆಗೂ ಪರಿಚಾರಕರ ಮನೆಯ ಊಟಕ್ಕೂ ಆಧಾರವಾಗಿತ್ತು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯ್ದೆಯು ಅಂಥ ಜಮೀನುಗಳನ್ನು ಸರ್ಕಾರಕ್ಕೆ ಸೇರಿಸಿ, ಉಳುತ್ತಿದ್ದವರಿಗೆ ಹಕ್ಕು ಕೊಡಲು ದಾರಿ ಮಾಡಿತು. ದೇವಸ್ಥಾನಗಳಿಗೆ ತಸ್ತೀಕು ಎಂಬ ವಾರ್ಷಿಕ ಹಣ ಗೊತ್ತಾಯಿತು. ಬೆವರು ಸುರಿಸಿ ದುಡಿದವರಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಅದನ್ನು ತಪ್ಪೆನ್ನುವುದು ಸರಿಯಲ್ಲ. ಆದರೆ ಭತ್ತದ ಲೆಕ್ಕ ರೂಪಾಯಿಯ ಲೆಕ್ಕವಾದಾಗ, ಅಕ್ಕಿ ಎಣ್ಣೆಗಳ ಬೆಲೆ ಏರಿದಂತೆ ತಸ್ತೀಕು ಏರಲಿಲ್ಲ, ಆಗಾಗ ಪರಿಷ್ಕರಿಸಿದರೂ ಸಾಲಲಿಲ್ಲ. ಸೇವೆ ಮಾಡುವ ಮನೆಯ ಮಕ್ಕಳು ಮೈಸೂರಿಗೂ ಬೆಂಗಳೂರಿಗೂ ಕೆಲಸ ಹುಡುಕಿಕೊಂಡು ಹೋದರು. ಗುಡಿಸಲು ಕಟ್ಟಿಕೊಂಡು ಇರಿ ಎಂಬ ಆದೇಶವನ್ನು ಪಾಲಿಸುವುದು ಅಲ್ಲಿಂದಾಚೆಗೆ ನಂಬಿಕೆಗಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿಯಲಿಲ್ಲ.

ಇದೇ ಅವಧಿಯಲ್ಲಿ ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಎತ್ತಿಕೊಂಡವು. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್, ಧರ್ಮವೆಂದರೆ ಸಿದ್ಧಾಂತ ಮತ್ತು ನಂಬಿಕೆ ಮಾತ್ರವಲ್ಲ, ಆಚರಣೆ ಮತ್ತು ಪೂಜಾವಿಧಿಗಳೂ ಅದರ ಅಂಗವಾಗಬಲ್ಲವು ಎಂದು ಹೇಳಿ ಅವುಗಳಿಗೂ ಸಂವಿಧಾನದ ರಕ್ಷಣೆ ಇದೆಯೆಂದಿತು. 1972ರಲ್ಲಿ ತಮಿಳುನಾಡಿನ ಅರ್ಚಕರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಪೂಜೆಯನ್ನು ಧಾರ್ಮಿಕವೆಂದೂ ಅರ್ಚಕನ ನೇಮಕವನ್ನು ಲೌಕಿಕವೆಂದೂ ಬೇರ್ಪಡಿಸಿತು. ಕಾನೂನಿಗೆ ಈ ಗೆರೆ ಬೇಕಾಗಿರಬಹುದು. ಆದರೆ ತಂದೆಯಿಂದ ಮಗನಿಗೆ ಬಂದ ಆಜ್ಞೆಯೇ ತನ್ನ ಉಪಾಸನೆ ಎಂದುಕೊಂಡವನಿಗೆ ಆ ಗೆರೆ ತನ್ನ ಬದುಕಿನ ನಡುವೆಯೇ ಹಾದುಹೋಯಿತು. ಇಷ್ಟಾದರೂ, ಆ ಆಜ್ಞೆ ಹುಟ್ಟಿನ ಆಧಾರದ ಮೇಲೆ ಕೆಲವರನ್ನು ಒಳಗೆ ಕರೆದು ಕೆಲವರನ್ನು ಹೊರಗಿಟ್ಟಿತ್ತು ಎಂಬುದನ್ನೂ ಮರೆಯುವಂತಿಲ್ಲ. ರಾಮಾನುಜರು ತಿರುಕುಲದವರೆಂದು ಕರೆದು ಗೌರವಿಸಿದರೆಂದು ಹೇಳುವ ದಲಿತ ಜನರಿಗೇ ದೇವಾಲಯದ ಪ್ರವೇಶ ವರ್ಷದಲ್ಲಿ ಕೆಲವು ದಿನಗಳಿಗೆ ಸೀಮಿತವಾಗಿತ್ತು.

ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಡುವ ವೈರಮುಡಿ ಎಂಬ ವಜ್ರದ ಕಿರೀಟವನ್ನು ನೋಡಲು ಫಾಲ್ಗುಣದ ಒಂದು ರಾತ್ರಿ ಲಕ್ಷಾಂತರ ಜನ ಬೆಟ್ಟ ಹತ್ತುತ್ತಾರೆ. ಅವರ ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಆರಾಧನೆ ವರ್ಷದ ಉಳಿದ ದಿನಗಳಲ್ಲೂ ನಡೆಯಬೇಕು: ನೀರು ತರಬೇಕು, ತುಳಸಿ ಬಿಡಿಸಬೇಕು, ಗೋಷ್ಠಿಯಲ್ಲಿ ಪ್ರಬಂಧ ಹೇಳಲು ದನಿಗಳು ಬೇಕು. ತಮ್ಮ ಮನೆತನದ ಸರದಿ ಬಂದಾಗ ದೂರದ ಊರಿನ ಕಚೇರಿಗೆ ರಜೆ ಬರೆದುಕೊಟ್ಟು, ರಾತ್ರಿ ಬಸ್ಸು ಹಿಡಿದು, ಬೆಳಗಿನ ಹೊತ್ತಿಗೆ ಕಲ್ಯಾಣಿಯಲ್ಲಿ ಮಿಂದು ಗುಡಿಯ ಬಾಗಿಲಿಗೆ ಬರುವವರು ಈಗಲೂ ಇದ್ದಾರೆ.