ಹೆಟ್: ಹಾವಿನ ಮೈಮೇಲೆ ಕಾಣದ ಗುಣ

ಕಂದು-ಕಪ್ಪು ಮೈಯ ಎರಡು ಬಾಲ್ ಪೈಥಾನ್ ಹೆಬ್ಬಾವುಗಳನ್ನು ಕೂಡಿಸಿದ್ದಾರೆ. ಆರು ಮೊಟ್ಟೆ. ಸುಮಾರು ಎರಡು ತಿಂಗಳ ಕಾವಿನ ನಂತರ ಐದು ಮೊಟ್ಟೆಗಳಿಂದ ಅಪ್ಪ ಅಮ್ಮನಂಥವೇ ಮರಿಗಳು ತಲೆ ಹೊರಹಾಕುತ್ತವೆ. ಆರನೆಯದು ಮಾತ್ರ ಅರ್ಧ ಮೈಗೆ ಸುಣ್ಣ ಬಳಿದುಕೊಂಡಂತೆ ಬೆಳ್ಳಗೆ ಬರುತ್ತದೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎನ್ನುವವರು ಇಲ್ಲಿ ಕಕ್ಕಾಬಿಕ್ಕಿ. ಆ ಬಿಳುಪು ತಾಯಿಯಲ್ಲೂ ಇತ್ತು, ತಂದೆಯಲ್ಲೂ ಇತ್ತು, ಬೂದಿ ಮುಚ್ಚಿದ ಕೆಂಡದ ಹಾಗೆ. ಒಳಗಿದ್ದೂ ಹೊರಗೆ ತೋರದ ಈ ಸ್ಥಿತಿಗೆ ಹಾವು ಸಾಕುವವರು ‘ಹೆಟ್’ ಎನ್ನುತ್ತಾರೆ.

‘ಹೆಟೆರೋಜೈಗಸ್’ ಎಂಬ ಉದ್ದ ಪದದ ಬಾಲ ಕತ್ತರಿಸಿ ಮಾಡಿಕೊಂಡ ಹೆಸರು ಇದು. ಗ್ರೀಕಿನಲ್ಲಿ ‘ಹೆಟೆರೋಸ್’ ಎಂದರೆ ಬೇರೆಯದು. ಮೆಂಡೆಲ್‌ನ ಬಟಾಣಿ ಲೆಕ್ಕ ಮರುಹುಟ್ಟು ಪಡೆದ ಹೊಸತರಲ್ಲಿ, 1902ರಲ್ಲಿ, ಬ್ರಿಟನ್ನಿನ ವಿಲಿಯಂ ಬೇಟ್ಸನ್ ಮತ್ತು ಎಡಿತ್ ಸಾಂಡರ್ಸ್ ಈ ಬಗೆಯ ಪದಗಳನ್ನು ಬಳಕೆಗೆ ತಂದರು. ಒಂದೊಂದು ಜೀನ್‌ಗೂ, ಅಂದರೆ ಗುಣ ಹೊತ್ತು ತರುವ ವಂಶವಾಹಿಗೂ, ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯದು, ಇನ್ನೊಂದು ತಂದೆಯದು. ಎರಡೂ ಒಂದೇ ತೆರನಾಗಿದ್ದರೆ ಹೋಮೋಜೈಗಸ್, ಬೇರೆ ಬೇರೆಯಾಗಿದ್ದರೆ ಹೆಟೆರೋಜೈಗಸ್. ಇದರ ಜೊತೆಗೇ ಓಡಾಡುವ ಇನ್ನೊಂದು ಪದ ‘ಮಾರ್ಫ್’. ಅದೂ ಗ್ರೀಕಿನಿಂದ ಬಂದದ್ದೇ, ಅರ್ಥ ರೂಪ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲುಗಳ ಈ ಪುಟ್ಟ ಹೆಬ್ಬಾವಿನಲ್ಲಿ ವಂಶಪಾರಂಪರ್ಯವಾಗಿ ಬರುವ ಬಣ್ಣ ಅಥವಾ ಚಿತ್ತಾರದ ಒಂದೊಂದು ಬಗೆಯೂ ಒಂದೊಂದು ಮಾರ್ಫ್. ಆಲ್ಬಿನೋ 1992ರಲ್ಲಿ, ಮೇಲೆ ಹೇಳಿದ ಬಿಳಿ ತೇಪೆಯ ಪೈಬಾಲ್ಡ್ 1997ರಲ್ಲಿ ಮೊದಲ ಬಾರಿಗೆ ಸಾಕಣೆಯಲ್ಲೇ ಹುಟ್ಟಿ, ಗುಣ ಮರಿಗೆ ದಾಟುತ್ತದೆ ಎಂಬುದು ಖಚಿತವಾಯಿತು. ಅಲ್ಲಿಂದ ಮುಂದೆ ಹೆಸರುಗಳ ಜಾತ್ರೆ.

ಪಠ್ಯಪುಸ್ತಕದ ಅರ್ಥಕ್ಕೂ ಹಾವಿನವರ ಬಳಕೆಗೂ ಒಂದು ಅಂತರವಿದೆ. ಹೊಸಬರು ಎಡವುವುದು ಇಲ್ಲೇ. ಪೇಸ್ಟೆಲ್ ಎಂಬ ಹಳದಿ ಹೊಳಪಿನ ಮಾರ್ಫ್‌ಗೆ ಜೀನ್‌ನ ಒಂದೇ ಪ್ರತಿ ಸಾಕು, ಮೈಮೇಲೆ ಬಣ್ಣ ಕಾಣುತ್ತದೆ. ಎರಡು ಪ್ರತಿ ಸಿಕ್ಕರೆ ಇನ್ನೂ ಗಾಢವಾದ ‘ಸೂಪರ್ ಪೇಸ್ಟೆಲ್’. ಶಾಸ್ತ್ರದ ಪ್ರಕಾರ ಒಂದು ಪ್ರತಿಯ ಪೇಸ್ಟೆಲ್ ಕೂಡ ಹೆಟೆರೋಜೈಗಸ್ಸೇ. ಆದರೆ ಯಾರೂ ಅದನ್ನು ‘ಹೆಟ್ ಪೇಸ್ಟೆಲ್’ ಎನ್ನುವುದಿಲ್ಲ. ಕ್ಲೌನ್, ಪೈಡ್ (ಪೈಬಾಲ್ಡ್‌ನ ಮೊಟಕು ಹೆಸರು), ಆಲ್ಬಿನೋ, ಆಕ್ಸಾಂಥಿಕ್ ಮುಂತಾದ ರಿಸೆಸಿವ್ ಗುಣಗಳಿಗೆ, ಅಂದರೆ ಎರಡು ಪ್ರತಿ ಕೂಡಿದಾಗ ಮಾತ್ರ ಮೈಗೆ ಬರುವ ಗುಣಗಳಿಗೆ, ಹೆಟ್ ಪದ ಮೀಸಲು. ಎರಡೂ ಪ್ರತಿ ಹೊತ್ತು ಬಣ್ಣ ತೋರಿಸುವ ಹಾವು ‘ವಿಷುವಲ್’. ಒಂದೇ ಪ್ರತಿ ಹೊತ್ತು ಸುಮ್ಮನಿರುವುದು ಹೆಟ್.

ಹೆಟ್ ಎಂಬುದರ ಮುಂದೆ ಬರುವ ಅಂಕಿಯದು ಇನ್ನೊಂದು ಕಥೆ. ವಿಷುವಲ್ ಕ್ಲೌನ್ ಅನ್ನು ಸಾದಾ ಹಾವಿಗೆ ಕೂಡಿಸಿದರೆ ಎಲ್ಲ ಮರಿಗಳೂ ಒಂದೊಂದು ಪ್ರತಿ ಪಡೆಯಲೇಬೇಕು. ಅವು ಶೇಕಡಾ 100 ಹೆಟ್. ಹೆಟ್‌ಗೆ ಸಾದಾ ಹಾವು ಕೂಡಿಸಿದರೆ ಅರ್ಧಕ್ಕೆ ಬರುತ್ತದೆ, ಅರ್ಧಕ್ಕೆ ಇಲ್ಲ. ಯಾವುದಕ್ಕೆ ಎಂದು ಕಣ್ಣಿಗೆ ತಿಳಿಯದ್ದರಿಂದ ಅಷ್ಟೂ ಮರಿಗಳಿಗೆ ಶೇಕಡಾ 50 ‘ಪಾಸಿಬಲ್ ಹೆಟ್’ ಎಂಬ ಚೀಟಿ. ಎರಡು ಹೆಟ್‌ಗಳು ಕೂಡಿದರೆ ನಾಲ್ಕರಲ್ಲಿ ಒಂದು ವಿಷುವಲ್, ಎರಡು ಹೆಟ್, ಒಂದು ಸಾದಾ. ವಿಷುವಲ್ ಅನ್ನು ಎತ್ತಿ ಬದಿಗಿಟ್ಟರೆ ಉಳಿದ ಮೂರರಲ್ಲಿ ಎರಡು ಹೆಟ್. ಹಾಗಾಗಿ ಶೇಕಡಾ 66. ಈ ಅಂಕಿಯನ್ನು ‘ಗುಣ ಮೂರರಲ್ಲಿ ಎರಡು ಪಾಲು ಇದೆ’ ಎಂದು ಓದುವವರಿದ್ದಾರೆ. ಹಾವಿನಲ್ಲಿ ಗುಣ ಒಂದೋ ಇರುತ್ತದೆ, ಇಲ್ಲವೋ ಇರುವುದಿಲ್ಲ; 66 ಎಂಬುದು ನಮ್ಮ ಅರಿವಿನ ಅಳತೆ, ಹಾವಿಗೆ ಅದರ ಹಂಗಿಲ್ಲ.

ಇಷ್ಟು ತಿಳಿದ ಮೇಲೆ, ನಾಲ್ಕೈದು ಹಾವುಗಳಿರುವ ಸಣ್ಣ ಸಂಗ್ರಹಕ್ಕೆ ಮುಂದಿನ ಹಾವಾಗಿ ಯಾವುದನ್ನು ತರಬೇಕು ಎಂಬ ಪ್ರಶ್ನೆಯನ್ನು ಬೇರೆ ರೀತಿ ಕೇಳಬಹುದು. ಬರುವ ಹಾವು ಎಷ್ಟು ಚೆಂದ ಎಂಬುದಕ್ಕಿಂತ, ಈಗಾಗಲೇ ಇರುವ ಹೆಣ್ಣುಗಳ ಒಳಗೆ ಅಡಗಿರುವುದನ್ನು ಅದು ಹೊರಗೆಳೆಯುತ್ತದೆಯೇ ಎಂಬುದು ಮುಖ್ಯ. ನಿಮ್ಮಲ್ಲಿ ಮೂರು ಹೆಣ್ಣುಗಳಿವೆ ಎಂದುಕೊಳ್ಳಿ: ಒಂದು ಪೇಸ್ಟೆಲ್, ಒಂದು ಮೊಹಾವಿ (ಪೇಸ್ಟೆಲ್‌ನಂತೆ ಒಂದೇ ಪ್ರತಿಗೆ ಮೈಮೇಲೆ ಕಾಣುವ ಮಾರ್ಫ್), ಮೂರನೆಯದು ನೋಡಲು ಸಾದಾ ಆದರೆ ಹೆಟ್ ಕ್ಲೌನ್. ತರಬೇಕಾದದ್ದು ಒಂದು ಗಂಡು.

ಮನಸ್ಸು ಪೈಡ್ ಕಡೆ ಓಡುತ್ತದೆ, ಸಹಜ. ಆದರೆ ಆ ಗಂಡನ್ನು ಮೂರಕ್ಕೂ ಕೂಡಿಸಿದರೂ ಒಂದೇ ಒಂದು ಪೈಡ್ ಮರಿ ಹುಟ್ಟುವುದಿಲ್ಲ. ಹುಟ್ಟುವುದೆಲ್ಲ ಹೆಟ್ ಪೈಡ್. ಅವುಗಳಲ್ಲಿ ಹೆಣ್ಣುಗಳನ್ನು ಉಳಿಸಿಕೊಂಡು, ಸುಮಾರು ಮೂರು ವರ್ಷ ಸಾಕಿ, ಒಂದೂವರೆ ಕಿಲೋ ತೂಕಕ್ಕೆ ತಂದು, ಮತ್ತೆ ಕೂಡಿಸಬೇಕು. ಅಷ್ಟು ಹೊತ್ತಿಗೆ ಉಳಿದ ಮರಿಗಳ ಪೆಟ್ಟಿಗೆಗಳು ಕೋಣೆಯ ಒಂದು ಗೋಡೆ ತುಂಬಿರುತ್ತವೆ. ಲೆಸ್ಸರ್ ಎಂಬ ಇನ್ನೊಂದು ಮಾರ್ಫ್‌ನ ಗಂಡು ತಂದರೆ ಮೊಹಾವಿಯ ಜೊತೆ ನಾಲ್ಕರಲ್ಲಿ ಒಂದು ಪಾಲು ನೀಲಿಗಣ್ಣಿನ ಬಿಳಿ ಹಾವು ಸಿಗುತ್ತದೆ, ನೋಡಲು ಸೊಗಸು. ಕ್ಲೌನ್ ಮಾತ್ರ ಮುಚ್ಚಿದ ಬೂದಿಯಲ್ಲೇ ಉಳಿಯುತ್ತದೆ. ಕ್ಲೌನ್ ಗಂಡು ಬಂದರೆ ಹೆಟ್ ಹೆಣ್ಣಿನ ಮೊದಲ ಕ್ಲಚ್‌ನಲ್ಲೇ, ಅಂದರೆ ಒಂದು ಸಲಕ್ಕೆ ಇಡುವ ಮೊಟ್ಟೆಗಳಲ್ಲೇ, ಅರ್ಧದಷ್ಟು ಕ್ಲೌನ್ ನಿರೀಕ್ಷಿಸಬಹುದು, ಪೇಸ್ಟೆಲ್ ಮತ್ತು ಮೊಹಾವಿಯ ಮರಿಗಳೆಲ್ಲ ಶೇಕಡಾ 100 ಹೆಟ್ ಕ್ಲೌನ್ ಆಗುತ್ತವೆ. ನನ್ನ ಆಯ್ಕೆ ಇದರ ಮೇಲೆ ಇನ್ನೊಂದು ಮೆಟ್ಟಿಲು, ಪೇಸ್ಟೆಲ್ ಕ್ಲೌನ್ ಗಂಡು. ಹೆಟ್ ಹೆಣ್ಣಿನಿಂದ ಕಾಲು ಭಾಗ ಪೇಸ್ಟೆಲ್ ಕ್ಲೌನ್, ಕಾಲು ಭಾಗ ಬರೀ ಕ್ಲೌನ್. ಪೇಸ್ಟೆಲ್ ಹೆಣ್ಣಿನಿಂದ ಕಾಲು ಭಾಗ ಸೂಪರ್ ಪೇಸ್ಟೆಲ್ ಹೆಟ್ ಕ್ಲೌನ್. ಮೊಹಾವಿಯಿಂದ ಕಾಲು ಭಾಗ ಪೇಸ್ಟೆಲ್ ಮೊಹಾವಿ ಹೆಟ್ ಕ್ಲೌನ್. ಯಾವ ಕ್ಲಚ್ ಕೂಡ ಬರಿಗೈಯಲ್ಲಿ ಕಳಿಸುವುದಿಲ್ಲ.

ಗಂಡನ್ನೇ ಯಾಕೆ ಲೆಕ್ಕಕ್ಕೆ ಹಿಡಿದೆ ಎಂದರೆ, ಒಂದು ಗಂಡು ಒಂದೇ ಋತುವಿನಲ್ಲಿ ಹಲವು ಹೆಣ್ಣುಗಳಿಗೆ ಆಗುತ್ತದೆ, ಹೆಣ್ಣಿಗಿಂತ ಬಹಳ ಬೇಗ ಪ್ರಾಯಕ್ಕೆ ಬರುತ್ತದೆ. ದುಬಾರಿ ಗುಣವನ್ನು ಗಂಡಿನಲ್ಲಿ ತಂದರೆ ಅದು ಇಡೀ ಸಂಗ್ರಹಕ್ಕೆ ಹರಡುತ್ತದೆ. ಹೆಣ್ಣಿನಲ್ಲಿ ತಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದು ಕ್ಲಚ್. ಎಷ್ಟೋ ವರ್ಷ ಅದೂ ಇಲ್ಲ.

ಆರೇ ಆರು ಮೊಟ್ಟೆಗಳ ಮುಂದೆ ಸಂಭವನೀಯತೆ ಹೇಗೆ ವರ್ತಿಸುತ್ತದೆ ಎಂಬುದನ್ನು ಕಾಗದದ ಮೇಲೆ ಒಮ್ಮೆ ಗೀಚಿ ನೋಡುವುದು ಒಳ್ಳೆಯದು. ಹೆಟ್‌ಗೆ ಹೆಟ್ ಕೂಡಿಸಿದರೆ ಆರರಲ್ಲಿ ಒಂದಾದರೂ ವಿಷುವಲ್ ಬರುವ ಸಾಧ್ಯತೆ ಸುಮಾರು ಶೇಕಡಾ 82. ವಿಷುವಲ್‌ಗೆ ಹೆಟ್ ಕೂಡಿಸಿದರೆ ಅದು 98 ದಾಟುತ್ತದೆ. ಇನ್ನು ‘ಡಬಲ್ ಹೆಟ್’ ಜೋಡಿ, ಅಂದರೆ ಎರಡು ರಿಸೆಸಿವ್ ಗುಣಗಳನ್ನು ಹೊತ್ತ ಗಂಡು-ಹೆಣ್ಣು ಕೂಡಿದರೆ, ಎರಡೂ ಗುಣ ಮೈಗೆ ಬಂದ ಮರಿ ಹದಿನಾರರಲ್ಲಿ ಒಂದು. ಆರು ಮೊಟ್ಟೆಯಲ್ಲಿ ಅದು ಸಿಗುವ ಸಾಧ್ಯತೆ ಶೇಕಡಾ 32. ಹತ್ತಾರು ಕ್ಲಚ್ ಕಾವಿಗಿಡುವವರಿಗೆ ಇದು ಆಟ. ಎರಡೇ ಕ್ಲಚ್‌ನವರಿಗೆ ಕನ್ನಡಿಯೊಳಗಿನ ಗಂಟು. ಸಿಗದೇ ಹೋದ ಅಷ್ಟೂ ಮರಿಗಳು ಇಪ್ಪತ್ತು-ಮೂವತ್ತು ವರ್ಷ ಬಾಳುವ ಜೀವಗಳು ಎಂಬುದನ್ನೂ ಈ ಗಣಿತದ ಪಕ್ಕದಲ್ಲೇ ಬರೆದುಕೊಳ್ಳಬೇಕು.

ಹೆಸರು ಒಂದೇ ಇದ್ದರೂ ಜೀನ್ ಬೇರೆ ಇರಬಹುದು. ಆಕ್ಸಾಂಥಿಕ್ ಎಂದರೆ ಹಳದಿ ವರ್ಣ ಇಲ್ಲದ ಬೂದುಬಣ್ಣದ ಹಾವು. ಆದರೆ ವಿಪಿಐ ಲೈನ್, ಟಿಎಸ್‌ಕೆ ಲೈನ್ ಎಂದು ಕವಲುಗಳಿವೆ. ವಿಪಿಐ ಹೆಟ್ ಹೆಣ್ಣಿಗೆ ಟಿಎಸ್‌ಕೆ ಗಂಡು ತಂದರೆ ಹುಟ್ಟುವುದೆಲ್ಲ ಕಂದು ಮರಿಗಳೇ. ಚೀಟಿಯಲ್ಲಿ ‘ಹೆಟ್ ಆಕ್ಸಾಂಥಿಕ್’ ಎಂದಷ್ಟೇ ಇದ್ದು ಲೈನ್ ಹೆಸರಿಲ್ಲದಿದ್ದರೆ ನಾನಂತೂ ಮುಟ್ಟುವುದಿಲ್ಲ. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಇದೆ. ಆಲ್ಬಿನೋ ಮತ್ತು ಕ್ಯಾಂಡಿ, ಹೆಸರು ಬೇರೆಯಾದರೂ ಒಂದೇ ಜೀನ್‌ನ ಎರಡು ರೂಪಗಳು. ಹೆಟ್ ಆಲ್ಬಿನೋ ಹೆಣ್ಣಿಗೆ ಕ್ಯಾಂಡಿ ಗಂಡು ತಂದರೆ ಅರ್ಧದಷ್ಟು ಮರಿಗಳು ‘ಕ್ಯಾಂಡಿನೋ’ ಆಗಿ ಬಣ್ಣ ತೋರಿಸುತ್ತವೆ.

ಕೆಲವು ಮಾರ್ಫ್‌ಗಳ ವಿಷಯದಲ್ಲಿ ಈ ಲೆಕ್ಕಕ್ಕೆ ಕೂರುವ ಮೊದಲೇ ಬೇಡ ಎನ್ನಬೇಕಾಗುತ್ತದೆ. ಸ್ಪೈಡರ್ ಹಾವಿನ ಮೈಮೇಲೆ ಜೇಡರ ಬಲೆಯಂಥ ತೆಳು ಗೆರೆಗಳು ಚೆಂದವೇ, ಆದರೆ ಅದೇ ಜೀನ್ ತಲೆ ಅಲ್ಲಾಡಿಸುವ, ಸಮತೋಲ ತಪ್ಪುವ ತೊಂದರೆಯನ್ನೂ ತರುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹಾವುಗಳ ಒಳಗಿವಿಯ ರಚನೆಯಲ್ಲೇ ವಿಕಾರ ಇರುವುದನ್ನು ತೋರಿಸಿತು. ಒಳ್ಳೆಯ ಸಾಕಣೆಯಿಂದ ಹೋಗುವಂಥದ್ದಲ್ಲ ಅದು. ಶಾಂಪೇನ್ ಮಾರ್ಫ್‌ನಲ್ಲೂ ಇದೇ ಬಗೆಯ ಅಲುಗಾಟವಿದೆ. ಎರಡು ಸಿನಮನ್ ಮಾರ್ಫ್ ಹಾವುಗಳನ್ನು ಕೂಡಿಸಿ ಸೂಪರ್ ಪಡೆಯಹೊರಟರೆ ಬಾತುಕೋಳಿ ಮೂತಿ, ಸೊಟ್ಟ ಬೆನ್ನುಮೂಳೆ ಕೆಲವು ಮರಿಗಳಿಗೆ ಗಂಟುಬೀಳುತ್ತವೆ. ಡೆಸರ್ಟ್ ಮಾರ್ಫ್‌ನ ಹೆಣ್ಣುಗಳಿಗೆ ಮೊಟ್ಟೆಯಿಡುವುದರಲ್ಲೇ ತೊಡಕು.

ಇನ್ನು ಪಾಸಿಬಲ್ ಹೆಟ್. ಅಗ್ಗಕ್ಕೆ ಸಿಗುತ್ತವೆ, ಆಸೆ ಹುಟ್ಟಿಸುತ್ತವೆ. ಹೆಟ್ ಪೈಡ್‌ನ ಹೊಟ್ಟೆಯಂಚಿನಲ್ಲಿ ರೈಲುಹಳಿಯಂಥ ಗೆರೆಗಳಿರುತ್ತವೆ ಎಂದು ಮರಿ ಎತ್ತಿ ತೋರಿಸುವವರೂ ಸಿಗುತ್ತಾರೆ. ‘ಮಾರ್ಕರ್’ ಎಂಬ ಈ ಗುರುತು ಹೆಟ್ ಅಲ್ಲದ ಹಾವಿನಲ್ಲೂ ಇರಬಹುದು, ಹೆಟ್ ಆದದ್ದರಲ್ಲಿ ಇಲ್ಲದೆಯೂ ಇರಬಹುದು. ಹಿಂದೆ ಇದನ್ನು ಇತ್ಯರ್ಥ ಮಾಡಲು ಒಂದೇ ದಾರಿ ಇತ್ತು: ಬೆಳೆಸಿ, ವಿಷುವಲ್‌ಗೆ ಕೂಡಿಸಿ, ಮೊಟ್ಟೆಯೊಡೆಯುವವರೆಗೆ ಕಾಯುವುದು. ಇದಕ್ಕೆ ‘ಪ್ರೂವ್’ ಮಾಡುವುದು ಎನ್ನುತ್ತಾರೆ. ಒಂದು ವಿಷುವಲ್ ಮರಿ ಬಂದರೆ ಸಾಕು, ಮಾತು ಮುಗಿಯಿತು. ಶೇಕಡಾ 66ರ ಹಾವಿಗೆ ಆರೂ ಮರಿ ಸಾದಾ ಬಂದವು ಎನ್ನಿ. ಅದು ಹೆಟ್ ಆಗಿರುವ ಸಾಧ್ಯತೆ ಶೇಕಡಾ 3ಕ್ಕೆ ಇಳಿಯುತ್ತದೆ. ಆದರೂ ಸೊನ್ನೆ ಆಗುವುದಿಲ್ಲ, ಅದೇ ಕಿರಿಕಿರಿ.

ಈಗ ಹಾವು ಕಳಚಿದ ಪೊರೆಯೇ ಸಾಕ್ಷಿ ಹೇಳುತ್ತದೆ. ಸಾಕಣೆದಾರರು ಕಳಿಸಿದ ಪೊರೆಗಳಿಂದ ಡಿಎನ್‌ಎ ತೆಗೆದು, ಆಲ್ಬಿನೋ ಗುಣ ಇರುವುದು ಟಿವೈಆರ್ ಜೀನ್‌ನಲ್ಲಿ ಎಂದು ಸಂಶೋಧಕರು ಪತ್ತೆಹಚ್ಚಿದ್ದು 2022ರಲ್ಲಿ. ಪೈಬಾಲ್ಡ್‌ಗೂ ಟಿಎಫ್‌ಇಸಿ ಜೀನ್‌ಗೂ ಇರುವ ನಂಟು 2023ರಲ್ಲಿ ಪ್ರಕಟವಾಯಿತು. ಎಲ್ಲ ಮಾರ್ಫ್‌ಗಳಿಗೂ ಪರೀಕ್ಷೆ ಇಲ್ಲ, ಆದರೆ ಹೆಚ್ಚು ಓಡಾಡುವ ಹಲವು ರಿಸೆಸಿವ್ ಗುಣಗಳಿಗೆ ಇದೆ. ಪಾಸಿಬಲ್ ಹೆಟ್ ಮರಿ ಇಷ್ಟವಾದರೆ ಅದು ಮುಂದಿನ ಸಲ ಪೊರೆ ಬಿಡುವವರೆಗೆ ಕಾದು, ಒಂದು ತುಂಡು ಲ್ಯಾಬಿಗೆ ಕಳಿಸಿ, ಫಲಿತಾಂಶ ಬಂದ ಮೇಲೆ ಕೊಳ್ಳುವ ಮಾತಾಡಬಹುದು. ಪೊರೆ ಆ ಮರಿಯದ್ದೇ ಆಗಿರಬೇಕು, ಪೂರ್ತಿ ಒಣಗಿರಬೇಕು. ಒಂದೇ ಪೆಟ್ಟಿಗೆಯಲ್ಲಿ ಎರಡು ಮರಿ ಇಟ್ಟಿದ್ದರೆ ಬೇರೆ ಮಾಡಿ ಮತ್ತೊಮ್ಮೆ ಪೊರೆ ಬಿಡುವ ತನಕ ತಡೆಯಬೇಕು.